ಸೈಪ್ರಸ್: ಯಾರ ನೆಲ, ಯಾರ ನಿರ್ಧಾರ?

1950ರ ಜನವರಿ 15, ಭಾನುವಾರ. ಸೈಪ್ರಸ್ ದ್ವೀಪದ ಗ್ರೀಕ್ ಆರ್ಥೊಡಾಕ್ಸ್ ಚರ್ಚುಗಳಲ್ಲಿ ಅಂದು ಜನ ಪ್ರಾರ್ಥನೆ ಮುಗಿಸಿ ಮನೆಗೆ ಹೊರಡಲಿಲ್ಲ, ಒಳಗೇ ಸಾಲುಗಟ್ಟಿದರು. ಅಲ್ಲಿ ರುಜು ಹಾಕಲು ಪುಸ್ತಕ ತೆರೆದಿಟ್ಟಿದ್ದರು. ಗ್ರೀಸ್ ದೇಶದ ಜತೆ ವಿಲೀನ ಬೇಕೆನ್ನುವವರಿಗೆ ಒಂದು ಕಡೆ, ಬೇಡವೆನ್ನುವವರಿಗೆ ಇನ್ನೊಂದು ಕಡೆ. ಗುಟ್ಟಿನ ಮತದಾನವಲ್ಲ, ಎಲ್ಲರ ಎದುರೇ ಸಹಿ. ವಾರ ಕಳೆದು ಲೆಕ್ಕ ಹಾಕಿದಾಗ ಶೇ 95.7ರಷ್ಟು ಮಂದಿ ವಿಲೀನಕ್ಕೆ ಒಪ್ಪಿ ಸಹಿ ಮಾಡಿದ್ದರು.

ಚರ್ಚು ಆ ಪುಸ್ತಕಗಳನ್ನು ಜಗತ್ತಿನ ಮುಂದಿಟ್ಟು ಸ್ವಯಂ ನಿರ್ಣಯದ ಹಕ್ಕು ಕೇಳಿತು. ಆಳುತ್ತಿದ್ದ ಬ್ರಿಟಿಷರು ಅದಕ್ಕೆ ಕವಡೆ ಕಾಸಿನ ಬೆಲೆ ಕೊಡಲಿಲ್ಲ. ವಸಾಹತು ಸರ್ಕಾರದ ಈ ದರ್ಪ ಖಂಡನೀಯವೇ. ಆದರೆ ಆ ಪುಸ್ತಕಗಳಲ್ಲೂ ಒಂದು ಕೊರತೆ ಇತ್ತು. ದ್ವೀಪದಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರು ಟರ್ಕಿಷ್ ಮಾತಾಡುವ ಮುಸ್ಲಿಮರು. ಅವರನ್ನು ಯಾರೂ ಕೇಳಿರಲಿಲ್ಲ. ಅವರಿಗೂ ಒಂದು ಅಭಿಪ್ರಾಯವಿದೆ, ಈ ನೆಲ ಅವರದೂ ಹೌದು ಎಂಬುದು ಆ ಭಾನುವಾರ ಲೆಕ್ಕಕ್ಕೆ ಬರಲಿಲ್ಲ.

ಸೈಪ್ರಸ್‌ನ ಮುಂದಿನ ಮುಕ್ಕಾಲು ಶತಮಾನದ ಸಂಕಟಕ್ಕೆಲ್ಲ ಮೂಲ ಇಲ್ಲಿದೆ. ಒಂದು ನೆಲದ ಹಣೆಬರಹವನ್ನು ಅಲ್ಲಿನ ಜನರೇ ಬರೆಯಬೇಕು ಎಂಬ ಮಾತನ್ನು ಎಲ್ಲರೂ ಒಪ್ಪುತ್ತಾರೆ. ಅಲ್ಲಿನ ಜನ ಅಂದರೆ ಯಾರು ಎಂದು ಕೇಳಿದ ಕೂಡಲೇ ಜಗಳ ಶುರುವಾಗುತ್ತದೆ.

ಒಂದೇ ಊರು, ಎರಡು ಪಠ್ಯಪುಸ್ತಕ

ವೆನಿಸ್‌ನವರ ಕೈಯಲ್ಲಿದ್ದ ಸೈಪ್ರಸ್ 1571ರಲ್ಲಿ ಅಟೊಮನ್ ಸುಲ್ತಾನರ ವಶವಾಯಿತು. ಅನಟೋಲಿಯಾದಿಂದ ಬಂದು ನೆಲೆಸಿದವರು, ಮತಾಂತರಗೊಂಡ ಸ್ಥಳೀಯರು ಸೇರಿ ಮುಸ್ಲಿಂ ಸಮುದಾಯ ಬೆಳೆಯಿತು. ಅಟೊಮನ್ನರು ಜನರನ್ನು ಗುರುತಿಸಿದ್ದು ಧರ್ಮದಿಂದ. ಕ್ರೈಸ್ತರ ಪರವಾಗಿ ಮಾತಾಡುವ ಅಧಿಕಾರ ಆರ್ಚ್‌ಬಿಷಪ್‌ಗೆ ಸಿಕ್ಕಿತು, ಧರ್ಮಗುರುವೇ ರಾಜಕೀಯ ನಾಯಕನೂ ಆಗುವ ಪರಿಪಾಠ ಅಲ್ಲಿಂದಲೇ ಬಂತು. ಹಾಗೆಂದು ಹಳ್ಳಿಗಳ ಬದುಕು ಎರಡು ಹೋಳಾಗಿರಲಿಲ್ಲ. ನೂರಾರು ಹಳ್ಳಿಗಳಲ್ಲಿ ಇಬ್ಬರೂ ಅಕ್ಕಪಕ್ಕದಲ್ಲಿದ್ದರು. ಲಿನೊಬಂಬಾಕಿ ಎಂದು ಕರೆಸಿಕೊಳ್ಳುತ್ತಿದ್ದ ಜನರಂತೂ ಎರಡೂ ಧರ್ಮದ ಹೆಸರಿಟ್ಟುಕೊಂಡು, ಎರಡೂ ಆಚಾರ ನಡೆಸಿಕೊಂಡು ಬಾಳಿದರು.

1878ರಲ್ಲಿ ಬ್ರಿಟಿಷರು ಸುಲ್ತಾನನ ಜತೆ ಒಪ್ಪಂದ ಮಾಡಿಕೊಂಡು ದ್ವೀಪದ ಆಡಳಿತ ವಹಿಸಿಕೊಂಡರು. 1914ರಲ್ಲಿ ಅದನ್ನು ತಮ್ಮ ಸಾಮ್ರಾಜ್ಯಕ್ಕೆ ಸೇರಿಸಿಕೊಂಡರು, 1925ರಲ್ಲಿ ಅಧಿಕೃತ ವಸಾಹತು ಮಾಡಿದರು. 1882ರಲ್ಲಿ ಅವರು ರಚಿಸಿದ ಶಾಸನ ಸಭೆಯ ಲೆಕ್ಕಾಚಾರ ನೋಡಿದರೆ ಅವರ ಜಾಣತನ ಅರ್ಥವಾಗುತ್ತದೆ. ಆಯ್ಕೆಯಾಗಿ ಬರುವ ಸದಸ್ಯರು 12 ಮಂದಿ: 9 ಮುಸ್ಲಿಮೇತರರು, 3 ಮುಸ್ಲಿಮರು. ಅವರ ಜತೆಗೆ 6 ಸರ್ಕಾರಿ ಅಧಿಕಾರಿಗಳು. ಮೂರು ಮುಸ್ಲಿಂ ಮತ ಅಧಿಕಾರಿಗಳ ಕಡೆ ಬಿದ್ದರೆ 9–9 ಸಮ. ಸಮವಾದಾಗ ನಿರ್ಣಾಯಕ ಮತ ಹೈಕಮಿಷನರ್‌ದು. ಗ್ರೀಕರು ಬಹುಸಂಖ್ಯಾತರಾಗಿದ್ದೂ ಗೆಲ್ಲಲಾಗದು, ಟರ್ಕರು ಆಳುವವರ ಪಕ್ಕ ಬಿಟ್ಟು ಕದಲಲಾಗದು. ನೆರೆಹೊರೆಯವರ ನಡುವೆ ಅನುಮಾನ ಬೇರೂರಲು ಇಷ್ಟು ಸಾಲದೇ?

ಉಳಿದದ್ದನ್ನು ಶಾಲೆಗಳು ಮಾಡಿದವು. ಗ್ರೀಕ್ ಶಾಲೆಗೆ ಪುಸ್ತಕವೂ ಎಷ್ಟೋ ಮಂದಿ ಮೇಷ್ಟ್ರುಗಳೂ ಗ್ರೀಸ್‌ನಿಂದ ಬಂದರು, ಟರ್ಕಿಷ್ ಶಾಲೆಗೆ ಟರ್ಕಿಯಿಂದ. ಒಂದೇ ಊರಿನ ಮಕ್ಕಳು ಎರಡು ಬೇರೆ ದೇಶಗಳ ಚರಿತ್ರೆ ಬಾಯಿಪಾಠ ಮಾಡಿದರು. ಒಬ್ಬರ ವೀರ ಇನ್ನೊಬ್ಬರ ಪಾಲಿಗೆ ಕೊಲೆಗಾರ. ತಮ್ಮದೇ ದ್ವೀಪದ ಕಥೆಯನ್ನು ಇಬ್ಬರಿಗೂ ಒಟ್ಟಿಗೆ ಹೇಳಿಕೊಡುವ ಪುಸ್ತಕ ಮಾತ್ರ ಇರಲಿಲ್ಲ.

ಬೇರೆ ದಾರಿಯೇ ಇರಲಿಲ್ಲವೆಂದಲ್ಲ. 1948ರಲ್ಲಿ ಅಮೆರಿಕನ್ ಒಡೆತನದ ತಾಮ್ರದ ಗಣಿಗಳಲ್ಲಿ ಕೂಲಿಗಾಗಿ ದೊಡ್ಡ ಮುಷ್ಕರ ನಡೆಯಿತು. ಗ್ರೀಕ್ ಮತ್ತು ಟರ್ಕಿಷ್ ಕಾರ್ಮಿಕರು ತಿಂಗಳುಗಟ್ಟಲೆ ಜತೆಯಾಗಿ ನಿಂತರು. ಹಸಿವಿಗೆ, ಗಣಿಯ ದೂಳಿಗೆ ಪಂಗಡವಿಲ್ಲ ಎಂಬುದು ಆ ಕಾರ್ಮಿಕರಿಗೆ ಗೊತ್ತಿತ್ತು. ಅವರ ಈ ತಿಳಿವಳಿಕೆಗೆ ರಾಜಕೀಯದಲ್ಲಿ ನೆಲೆ ಸಿಗಲಿಲ್ಲ.

ಲಂಡನ್‌ನ ಮೊಂಡುತನ

1954ರ ಜುಲೈನಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ವಸಾಹತು ಖಾತೆಯ ಸಚಿವ ಹೆನ್ರಿ ಹಾಪ್‌ಕಿನ್‌ಸನ್ ಒಂದು ಮಾತು ಹೇಳಿದರು: ಕೆಲವು ಪ್ರದೇಶಗಳ ಪರಿಸ್ಥಿತಿ ಎಂಥದೆಂದರೆ ಅವು ಪೂರ್ಣ ಸ್ವಾತಂತ್ರ್ಯವನ್ನು ಎಂದಿಗೂ ನಿರೀಕ್ಷಿಸುವಂತಿಲ್ಲ. ಸೈಪ್ರಸ್ ಕುರಿತ ಚರ್ಚೆಯಲ್ಲಿ ಬಂದ ಆ ‘ಎಂದಿಗೂ’ ಉರಿಯುವ ಬೆಂಕಿಗೆ ತುಪ್ಪ ಸುರಿಯಿತು. ಸೂಯೆಜ್ ಕೈತಪ್ಪುತ್ತಿದ್ದ ಹೊತ್ತಿನಲ್ಲಿ ಮಧ್ಯಪ್ರಾಚ್ಯದ ಬಾಗಿಲಲ್ಲಿ ಬ್ರಿಟನ್ನಿಗೆ ಒಂದು ಸೇನಾನೆಲೆ ಬೇಕಿತ್ತು.

1955ರ ಏಪ್ರಿಲ್ 1ರಂದು ದ್ವೀಪದ ಹಲವೆಡೆ ಬಾಂಬುಗಳು ಸಿಡಿದವು. ಕರ್ನಲ್ ಜಾರ್ಜ್ ಗ್ರಿವಾಸ್ ನಾಯಕತ್ವದ ಇಯೋಕಾ ಸಂಘಟನೆ ವಿಲೀನದ ಗುರಿಯಿಟ್ಟು ಸಶಸ್ತ್ರ ಹೋರಾಟ ಶುರು ಮಾಡಿತ್ತು. ಬ್ರಿಟಿಷರು 1956ರ ಮಾರ್ಚ್‌ನಲ್ಲಿ ಆರ್ಚ್‌ಬಿಷಪ್ ಮಕಾರಿಯೋಸ್ ಅವರನ್ನು ಸೇಶೆಲ್ಸ್ ದ್ವೀಪಕ್ಕೆ ಗಡೀಪಾರು ಮಾಡಿದರು. ಇಯೋಕಾವನ್ನು ಮಟ್ಟಹಾಕಲು ಪೊಲೀಸ್ ಪಡೆಗೆ ಟರ್ಕಿಷ್ ಸೈಪ್ರಿಯಟ್ ಯುವಕರನ್ನು ದೊಡ್ಡ ಸಂಖ್ಯೆಯಲ್ಲಿ ಸೇರಿಸಿಕೊಂಡರು. ಗ್ರೀಕ್ ಹುಡುಗ ಬಾಂಬೆಸೆದರೆ ಸಾಯುವವನು ಟರ್ಕಿಷ್ ಪೊಲೀಸ್. ಮಾರನೇ ದಿನ ಆತನ ಮೊಹಲ್ಲಾದವರು ಗ್ರೀಕರ ಅಂಗಡಿಗೆ ಬೆಂಕಿ ಇಡುತ್ತಾರೆ. ವಸಾಹತುಶಾಹಿಯ ವಿರುದ್ಧ ಎದ್ದ ಹೋರಾಟ ನೋಡನೋಡುತ್ತಲೇ ನೆರೆಯವರ ಕಾಳಗವಾಯಿತು.

ಟರ್ಕಿಷ್ ಸೈಪ್ರಿಯಟರೂ ತಮ್ಮದೇ ಸ್ವಯಂ ನಿರ್ಣಯದ ಮಾತೆತ್ತಿದರು. ವಿಲೀನಕ್ಕೆ ಅವರ ಉತ್ತರ ವಿಭಜನೆ. ಟಿಎಂಟಿ ಎಂಬ ಗುಪ್ತ ಸಂಘಟನೆ ಹುಟ್ಟಿತು, 1958ರ ಬೇಸಿಗೆಯಲ್ಲಿ ನಿಕೋಸಿಯಾ ನಗರ ರಕ್ತ ಕಂಡಿತು. ಎರಡೂ ಸಂಘಟನೆಗಳು ಎದುರು ಪಂಗಡದವರನ್ನಷ್ಟೇ ಕೊಲ್ಲಲಿಲ್ಲ. ಸಹಬಾಳ್ವೆಯ ಮಾತಾಡಿದ ತಮ್ಮವರನ್ನೂ, ಅದರಲ್ಲೂ ಎಡಪಂಥೀಯ ಕಾರ್ಮಿಕ ನಾಯಕರನ್ನು ಬಿಡಲಿಲ್ಲ. 1965ರ ಏಪ್ರಿಲ್‌ನಲ್ಲಿ ಟರ್ಕಿಷ್ ಸೈಪ್ರಿಯಟ್ ನಾಯಕ ದರ್ವಿಶ್ ಅಲಿ ಕವಝೋಗ್ಲು ಮತ್ತು ಗ್ರೀಕ್ ಸೈಪ್ರಿಯಟ್ ಸಂಗಾತಿ ಕೋಸ್ತಾಸ್ ಮಿಶಾವುಲಿಸ್ ಒಂದೇ ಕಾರಿನಲ್ಲಿ ಹೋಗುತ್ತಿದ್ದಾಗ ಲಾರ್ನಾಕಾ ರಸ್ತೆಯಲ್ಲಿ ಗುಂಡಿಗೆ ಬಲಿಯಾದರು.

ಆ ದಿನಗಳಲ್ಲಿ ವಿಶ್ವಸಂಸ್ಥೆಯಲ್ಲಿ ಬೇರೆಯದೇ ಮಾತಾಡಿದ ದೇಶಗಳಲ್ಲಿ ಭಾರತವೂ ಒಂದು. ಸೈಪ್ರಸ್ ಗ್ರೀಸ್‌ನದೂ ಅಲ್ಲ, ಟರ್ಕಿಯದೂ ಅಲ್ಲ, ಬ್ರಿಟನ್ನಿನದಂತೂ ಅಲ್ಲವೇ ಅಲ್ಲ. ಅದು ಸೈಪ್ರಸ್ ಜನರದು, ಸ್ವಾತಂತ್ರ್ಯ ಸಿಗಬೇಕಾದದ್ದು ಅವರಿಗೆ ಎಂಬುದು ವಿ.ಕೆ. ಕೃಷ್ಣ ಮೆನನ್ ಮಂಡಿಸಿದ ವಾದದ ತಿರುಳು. ಧರ್ಮದ ಹೆಸರಲ್ಲಿ ದೇಶ ಒಡೆದ ನೋವುಂಡವರಿಗೆ ಇದು ಬೇಗ ಅರ್ಥವಾಗಿದ್ದರೆ ಆಶ್ಚರ್ಯವಿಲ್ಲ.

ಜನರನ್ನು ಕೇಳದ ಸಂವಿಧಾನ

1960ರ ಆಗಸ್ಟ್ 16ರಂದು ಸೈಪ್ರಸ್ ಗಣರಾಜ್ಯವಾಯಿತು. ವಿಲೀನವೂ ಇಲ್ಲ, ವಿಭಜನೆಯೂ ಇಲ್ಲ. ಆದರೆ ಆ ಸಂವಿಧಾನದ ಅಡಿಪಾಯ ಬಿದ್ದದ್ದು ಹಿಂದಿನ ವರ್ಷ ಜ್ಯೂರಿಕ್ ಮತ್ತು ಲಂಡನ್‌ನಲ್ಲಿ ಗ್ರೀಸ್, ಟರ್ಕಿ, ಬ್ರಿಟನ್‌ಗಳ ಮಾತುಕತೆಯಲ್ಲಿ. ದ್ವೀಪದ ಜನರ ಮುಂದೆ ಅದನ್ನು ಮತಕ್ಕೇ ಇಡಲಿಲ್ಲ. ಮೂಲ ವಿಧಿಗಳನ್ನು ಮುಂದೆಂದೂ ತಿದ್ದುವಂತಿಲ್ಲ ಎಂಬ ಷರತ್ತು ಬೇರೆ.

ಅಧ್ಯಕ್ಷ ಗ್ರೀಕ್ ಆಗಿರಬೇಕು, ಉಪಾಧ್ಯಕ್ಷ ಟರ್ಕಿಷ್. ಸಂಸತ್ತಿನ 50 ಸ್ಥಾನಗಳಲ್ಲಿ 35 ಗ್ರೀಕರಿಗೆ, 15 ಟರ್ಕರಿಗೆ. ಸರ್ಕಾರಿ ನೌಕರಿಯಲ್ಲಿ 70:30, ಸೇನೆಯಲ್ಲಿ 60:40. ತೆರಿಗೆ ಮಸೂದೆ ಪಾಸಾಗಬೇಕಾದರೆ ಎರಡೂ ಪಂಗಡದ ಸದಸ್ಯರಲ್ಲಿ ಪ್ರತ್ಯೇಕ ಬಹುಮತ ಬೇಕು. ಸಣ್ಣ ಸಮುದಾಯಗಳಾದ ಮರೊನೈಟರು, ಅರ್ಮೇನಿಯನ್ನರು, ಲ್ಯಾಟಿನ್ ಕ್ರೈಸ್ತರು ತಾವು ಗ್ರೀಕ್ ಪಂಗಡವೋ ಟರ್ಕಿಷ್ ಪಂಗಡವೋ ಎಂದು ಒಂದನ್ನು ಆರಿಸಿಕೊಳ್ಳಲೇಬೇಕಾಯಿತು. ಬರೀ ಸೈಪ್ರಿಯಟ್ ಆಗಿ ಮತ ಹಾಕಲು ಯಾರಿಗೂ ದಾರಿ ಇರಲಿಲ್ಲ.

ಅಲ್ಪಸಂಖ್ಯಾತರಿಗೆ ರಕ್ಷಣೆ ಬೇಕೇ ಬೇಕು. ನೆರೆಯ ಬಹುಸಂಖ್ಯಾತರು ಪರದೇಶದ ಜತೆ ಸೇರಿಕೊಳ್ಳುತ್ತೇವೆ ಎನ್ನುತ್ತಿರುವಾಗ ಟರ್ಕಿಷ್ ಸೈಪ್ರಿಯಟರ ಭಯ ಸುಳ್ಳಾಗಿರಲಿಲ್ಲ. ಜನಸಂಖ್ಯೆಯ ಶೇ 18ರಷ್ಟಿರುವವರಿಗೆ ಶೇ 30 ನೌಕರಿ ಏಕೆ ಎಂಬ ಗ್ರೀಕರ ದೂರಿಗೂ ಕಾರಣವಿತ್ತು. ಇಂಥ ಬಿಕ್ಕಟ್ಟನ್ನು ಬಿಡಿಸಲು ನಂಬಿಕೆ ಬೇಕು. ಅದೇ ಇರಲಿಲ್ಲ. ತುಕಡಿಗಳು ಬೆರೆತಿರಬೇಕೋ ಬೇರೆಬೇರೆ ಇರಬೇಕೋ ಎಂಬ ಜಗಳದಲ್ಲಿ ಸೇನೆಯೇ ಎದ್ದು ನಿಲ್ಲಲಿಲ್ಲ. ದೊಡ್ಡ ಪಟ್ಟಣಗಳಲ್ಲಿ ಪ್ರತ್ಯೇಕ ನಗರಸಭೆಗಳ ವಿವಾದ ಬಗೆಹರಿಯಲಿಲ್ಲ. ದೇಶದ ಧ್ವಜ ಬರೆದವರು ಇಸ್ಮೆತ್ ಗುನೆ ಎಂಬ ಟರ್ಕಿಷ್ ಸೈಪ್ರಿಯಟ್ ಕಲಾವಿದ: ಬಿಳಿ ಬಟ್ಟೆಯ ಮೇಲೆ ತಾಮ್ರದ ಬಣ್ಣದ ದ್ವೀಪ, ಕೆಳಗೆ ಎರಡು ಆಲಿವ್ ರೆಂಬೆ. ರಾಷ್ಟ್ರಗೀತೆಯಾಗಿ ಮಾತ್ರ 1966ರಲ್ಲಿ ಗ್ರೀಸ್‌ನ ಗೀತೆಯನ್ನೇ ತೆಗೆದುಕೊಂಡರು.

ಇನ್ನೊಂದು ಒಪ್ಪಂದದ ಪ್ರಕಾರ ಗ್ರೀಸ್, ಟರ್ಕಿ, ಬ್ರಿಟನ್ ಮೂರೂ ಸೈಪ್ರಸ್‌ನ ಜಾಮೀನುದಾರರು. ಅಗತ್ಯ ಬಿದ್ದರೆ ಒಬ್ಬೊಬ್ಬರೇ ಕೈಹಾಕಲು ಅವಕಾಶ. ಅಕ್ರೊತಿರಿ ಮತ್ತು ದೆಕೇಲಿಯಾದ ಸೇನಾನೆಲೆಗಳು, ಒಟ್ಟು ಸುಮಾರು 254 ಚದರ ಕಿ.ಮೀ. ನೆಲ, ಬ್ರಿಟನ್ನಿನ ಸ್ವಂತ ಸ್ವತ್ತಾಗಿಯೇ ಉಳಿದವು. ಇಂದಿಗೂ ಉಳಿದಿವೆ.

ಕೊಡಗಿನ ಜನರಲ್ ಕಾವಲಿಗೆ ನಿಂತ ಗೆರೆ

1963ರ ನವೆಂಬರ್ 30ರಂದು ಅಧ್ಯಕ್ಷ ಮಕಾರಿಯೋಸ್ ಸಂವಿಧಾನಕ್ಕೆ 13 ತಿದ್ದುಪಡಿ ಸೂಚಿಸಿದರು. ಟರ್ಕಿಷ್ ಸೈಪ್ರಿಯಟರಿಗೆ ಇದು ತಮ್ಮ ಕಾವಲನ್ನೇ ಕಿತ್ತುಹಾಕಿದಂತೆ ಕಂಡಿತು. ಡಿಸೆಂಬರ್ 21ರ ಬೆಳಗಿನ ಜಾವ ನಿಕೋಸಿಯಾದಲ್ಲಿ ಹಾರಿದ ಗುಂಡು ಕ್ರಿಸ್ಮಸ್ ಹೊತ್ತಿಗೆ ಕಗ್ಗೊಲೆಯಾಗಿ ಹಬ್ಬಿತು. ವರ್ಷದ ಕೊನೆಯಲ್ಲಿ ಬ್ರಿಟಿಷ್ ಮೇಜರ್ ಜನರಲ್ ಪೀಟರ್ ಯಂಗ್ ನಗರದ ನಕ್ಷೆಯ ಮೇಲೆ ಹಸಿರು ಪೆನ್ಸಿಲ್‌ನಲ್ಲಿ ಒಂದು ಗೆರೆ ಎಳೆದರು. ಅದೇ ‘ಗ್ರೀನ್ ಲೈನ್’.

ಸುಮಾರು 25,000 ಟರ್ಕಿಷ್ ಸೈಪ್ರಿಯಟರು ಊರು ಬಿಟ್ಟು ಸಣ್ಣಸಣ್ಣ ಕೋಟೆಕೊತ್ತಲದಂಥ ಪ್ರದೇಶಗಳಲ್ಲಿ ಸೇರಿಕೊಂಡರು. ಅವರ ಪ್ರತಿನಿಧಿಗಳು ಸರ್ಕಾರದಿಂದ ಹೊರಬಿದ್ದರು. ಹೊರಹಾಕಲಾಯಿತು ಎನ್ನುವುದು ಅವರ ವಾದ. ಆ ಪ್ರದೇಶಗಳಿಗೆ ಸಿಮೆಂಟು, ಕಬ್ಬಿಣ, ಇಂಧನ ಹೋಗದಂತೆ ಸರ್ಕಾರ ನಿರ್ಬಂಧ ಹೇರಿತು. 1974ರಿಂದ ಕಥೆ ಶುರುಮಾಡುವವರು ಈ ಹತ್ತು ವರ್ಷಗಳನ್ನು ಮರೆಯುತ್ತಾರೆ. ಸೋದರ ಪಂಗಡವನ್ನು ಉಸಿರುಗಟ್ಟಿಸಿ ದೇಶ ಕಟ್ಟಲಾಗದು ಎಂಬ ಪಾಠ ಆ ವರ್ಷಗಳಲ್ಲಿದೆ.

1964ರ ಮಾರ್ಚ್ 4ರಂದು ಭದ್ರತಾ ಮಂಡಳಿ ಶಾಂತಿಪಾಲನಾ ಪಡೆಗೆ ಒಪ್ಪಿಗೆ ಕೊಟ್ಟಿತು. ಅದರ ಮೊದಲ ದಂಡನಾಯಕ ಭಾರತದ ಲೆಫ್ಟಿನೆಂಟ್ ಜನರಲ್ ಪಿ.ಎಸ್. ಗ್ಯಾನಿ. ಆ ವರ್ಷ ಜುಲೈನಲ್ಲಿ ಹೊಣೆ ಹೊತ್ತವರು ನಮ್ಮ ಮಡಿಕೇರಿಯ ಜನರಲ್ ಕೆ.ಎಸ್. ತಿಮ್ಮಯ್ಯ. ಭೂಸೇನೆಯ ಮುಖ್ಯಸ್ಥರಾಗಿ ನಿವೃತ್ತರಾಗಿದ್ದವರು, ಅದಕ್ಕೂ ಮುಂಚೆ ಕೊರಿಯಾದಲ್ಲಿ ಯುದ್ಧಕೈದಿಗಳ ಕಗ್ಗಂಟನ್ನು ಬಿಡಿಸಲು ನೇಮಕವಾದ ತಟಸ್ಥ ರಾಷ್ಟ್ರಗಳ ಆಯೋಗವನ್ನು ನಡೆಸಿದ್ದವರು. ಅಧಿಕಾರ ವಹಿಸಿಕೊಂಡ ಕೆಲವೇ ವಾರಗಳಲ್ಲಿ ವಾಯವ್ಯ ಕರಾವಳಿಯ ಕೊಕ್ಕಿನಾದಲ್ಲಿ ಕಾಳಗವಾಗಿ ಟರ್ಕಿಯ ಯುದ್ಧವಿಮಾನಗಳು ಬಾಂಬು ಸುರಿದವು. ಗುಂಡು ಹಾರಿಸುವ ಅಧಿಕಾರ ಹೆಚ್ಚೇನೂ ಇಲ್ಲದ, ಮಾತಿನಿಂದಲೇ ಎರಡು ಕಡೆಯವರನ್ನೂ ಹಿಡಿದಿಡಬೇಕಾದ ಕೆಲಸ ಅದು. ಆ ಕೆಲಸದಲ್ಲಿ ಇರುವಾಗಲೇ 1965ರ ಡಿಸೆಂಬರ್ 18ರಂದು ಹೃದಯಾಘಾತದಿಂದ ತಿಮ್ಮಯ್ಯ ತೀರಿಕೊಂಡರು. ಸೈಪ್ರಸ್ ಮರುವರ್ಷ ಅವರ ನೆನಪಿಗೆ ಅಂಚೆಚೀಟಿ ಹೊರತಂದಿತು. ಲಾರ್ನಾಕಾ ನಗರದಲ್ಲಿ ಇಂದಿಗೂ ಅವರ ಹೆಸರಿನ ರಸ್ತೆ ಇದೆ. 

1974ರ ಬೇಸಿಗೆ

ಜುಲೈ 15ರಂದು ಗ್ರೀಸ್‌ನ ಸೇನಾ ಸರ್ವಾಧಿಕಾರಿಗಳು ಮಕಾರಿಯೋಸ್ ವಿರುದ್ಧ ದಂಗೆ ಎಬ್ಬಿಸಿದರು. ಸ್ವತಂತ್ರ ಸೈಪ್ರಸ್‌ನತ್ತ ವಾಲಿದ್ದ ಆರ್ಚ್‌ಬಿಷಪ್ ಈಗ ವಿಲೀನವಾದಿಗಳ ಕಣ್ಣಲ್ಲಿ ದ್ರೋಹಿ. ಅವರು ಪ್ರಾಣ ಉಳಿಸಿಕೊಂಡು ಪರಾರಿಯಾದರು, ನಿಕೋಸ್ ಸಾಂಪ್ಸನ್ ಎಂಬ ಇಯೋಕಾ ಬಂದೂಕುಧಾರಿ ಅಧ್ಯಕ್ಷ ಪೀಠವೇರಿದ. ಜಾಮೀನುದಾರನ ಹಕ್ಕು ಹೇಳಿಕೊಂಡು ಟರ್ಕಿ ಜುಲೈ 20ರಂದು ಸೇನೆ ಇಳಿಸಿತು. ಮೂರೇ ದಿನದಲ್ಲಿ ಅಥೆನ್ಸ್‌ನ ಸರ್ವಾಧಿಕಾರ ಕುಸಿಯಿತು, ಸಾಂಪ್ಸನ್ ಕೆಳಗಿಳಿದ. ಟರ್ಕಿ ಅಲ್ಲಿಗೆ ನಿಲ್ಲಲಿಲ್ಲ. ಆಗಸ್ಟ್ 14ರಂದು ಮತ್ತೆ ಮುನ್ನುಗ್ಗಿ ದ್ವೀಪದ ಶೇ 36ಕ್ಕೂ ಹೆಚ್ಚು ನೆಲವನ್ನು ಹಿಡಿಯಿತು. ಕಾನೂನಿನ ನೆಪ ಜುಲೈಗೆ ಇದ್ದಿರಬಹುದು, ಆಗಸ್ಟ್‌ಗೆ ಯಾವ ನೆಪವೂ ಇರಲಿಲ್ಲ.

1,60,000ಕ್ಕೂ ಹೆಚ್ಚು ಗ್ರೀಕ್ ಸೈಪ್ರಿಯಟರು ದಕ್ಷಿಣಕ್ಕೆ ಓಡಿದರು. 40,000ಕ್ಕೂ ಹೆಚ್ಚು ಟರ್ಕಿಷ್ ಸೈಪ್ರಿಯಟರು ಉತ್ತರಕ್ಕೆ ಬಂದರು. ಮರಾಥಾ, ಸಂತಲಾರಿಸ್, ಅಲೋಡಾ ಹಳ್ಳಿಗಳಲ್ಲಿ ಗ್ರೀಕ್ ಬಂದೂಕುಧಾರಿಗಳು 126 ಮಂದಿ ಟರ್ಕಿಷ್ ಸೈಪ್ರಿಯಟರನ್ನು, ಬಹುಪಾಲು ಹೆಂಗಸರು ಮಕ್ಕಳನ್ನು, ಕೊಂದು ಹೂತರು. ಟರ್ಕಿಯ ಸೇನೆ ಹೊಕ್ಕ ಅಸ್ಸಿಯಾದಂಥ ಹಳ್ಳಿಗಳ ಗ್ರೀಕ್ ಸೈಪ್ರಿಯಟರು ಹಲವರು ಮತ್ತೆ ಮನೆಗೆ ಬರಲೇ ಇಲ್ಲ. ಫಮಗುಸ್ತಾದ ಕಡಲತೀರದ ಬಡಾವಣೆ ವರೋಷಾ, ಹೋಟೆಲುಗಳಿಗೆ ಹೆಸರಾಗಿದ್ದದ್ದು, ಜನರಿಲ್ಲದೆ ಮುಳ್ಳುತಂತಿಯ ಹಿಂದೆ ಪಾಳುಬಿತ್ತು.

1983ರ ನವೆಂಬರ್ 15ರಂದು ಉತ್ತರದ ನಾಯಕ ರೌಫ್ ಡೆಂಕ್ತಾಷ್ ಪ್ರತ್ಯೇಕ ಗಣರಾಜ್ಯ ಘೋಷಿಸಿದರು. ಅವರೂ ಸ್ವಯಂ ನಿರ್ಣಯದ ಹೆಸರನ್ನೇ ಹೇಳಿದರು. ಭದ್ರತಾ ಮಂಡಳಿ ಅದನ್ನು ಅಸಿಂಧು ಎಂದಿತು. ಟರ್ಕಿಯೊಂದನ್ನು ಬಿಟ್ಟರೆ ಯಾವ ದೇಶವೂ ಮಾನ್ಯತೆ ಕೊಟ್ಟಿಲ್ಲ. ನೆರೆಯವರನ್ನು ಓಡಿಸಿ ಖಾಲಿ ಮಾಡಿಸಿದ ನೆಲದಲ್ಲಿ ಉಳಿದವರ ಬಹುಮತ ಕೇಳುವುದು ಹಕ್ಕಿನ ಚಲಾವಣೆ ಹೇಗಾದೀತು?

ನೆಲದಡಿಯ ಕೆಲಸ

ನೆಲದ ಮೇಲೆ ಗೆರೆ ಗಟ್ಟಿಯಾಗುತ್ತಿದ್ದಾಗ ನೆಲದಡಿಯಲ್ಲಿ ನಡೆದ ಎರಡು ಕೆಲಸಗಳನ್ನು ಹೇಳಲೇಬೇಕು.

ಒಂದು, ನಿಕೋಸಿಯಾದ ಒಳಚರಂಡಿ. ಯುದ್ಧಕ್ಕೂ ಮುಂಚೆ ಯೋಜನೆ ಹಾಕಿದ್ದರು. 1974ರ ನಂತರ ನಗರ ಎರಡಾಯಿತು, ಕೊಳೆನೀರು ಎರಡಾಗಲಿಲ್ಲ. ಇಳಿಜಾರು ಉತ್ತರದ ಕಡೆಗೆ, ಶುದ್ಧೀಕರಣ ಘಟಕವೂ ಅತ್ತಲೇ. ದಕ್ಷಿಣದ ಮೇಯರ್ ಲೆಲ್ಲೊಸ್ ದೆಮೆಟ್ರಿಯಾಡಿಸ್, ಉತ್ತರದ ಮೇಯರ್ ಮುಸ್ತಫಾ ಅಕಿಂಜಿ. ಪರಸ್ಪರರ ಆಡಳಿತವನ್ನು ಇಬ್ಬರೂ ಅಧಿಕೃತವಾಗಿ ಒಪ್ಪುವಂತಿಲ್ಲ. ಆದರೂ 1970ರ ದಶಕದ ಕೊನೆಯಲ್ಲಿ ಕೂತು ಮಾತಾಡಿ ಕೊಳವೆಗಳನ್ನು ಗೆರೆಯಡಿ ಜೋಡಿಸಿದರು. ಅದರಿಂದ ಬೆಳೆದದ್ದೇ ಇಡೀ ನಗರಕ್ಕೆ ಒಂದೇ ಆದ ನಿಕೋಸಿಯಾ ಮಹಾಯೋಜನೆ. ಅದೇ ಅಕಿಂಜಿ 2015ರಲ್ಲಿ ಟರ್ಕಿಷ್ ಸೈಪ್ರಿಯಟರ ನಾಯಕನಾಗಿ ಶಾಂತಿ ಮಾತುಕತೆಯ ಮೇಜಿಗೆ ಬಂದರು.

ಇನ್ನೊಂದು, ಕಾಣೆಯಾದವರ ಹುಡುಕಾಟ. ಈ ಕೆಲಸಕ್ಕೆಂದೇ 1981ರಲ್ಲಿ ರಚಿಸಿದ ಜಂಟಿ ಸಮಿತಿಯ ಪಟ್ಟಿಯಲ್ಲಿ 2,002 ಹೆಸರುಗಳಿವೆ: 1,510 ಗ್ರೀಕ್ ಸೈಪ್ರಿಯಟರು, 492 ಟರ್ಕಿಷ್ ಸೈಪ್ರಿಯಟರು. ಎರಡೂ ಪಂಗಡದ ಪುರಾತತ್ವಜ್ಞರು ಜತೆಯಾಗಿ ಬಾವಿಗಳನ್ನು, ಹೊಲದ ಬದುಗಳನ್ನು ಅಗೆಯುತ್ತಾರೆ. ಸಿಕ್ಕ ಮೂಳೆಗಳು ವಿಶ್ವಸಂಸ್ಥೆಯ ಕಾವಲಿನಲ್ಲಿರುವ ನಿಕೋಸಿಯಾದ ಹಳೆ ವಿಮಾನನಿಲ್ದಾಣದ ಆವರಣಕ್ಕೆ ಬರುತ್ತವೆ. 1974ರಿಂದ ಅಲ್ಲಿಂದ ಪ್ರಯಾಣಿಕರ ವಿಮಾನ ಹಾರುತ್ತಿಲ್ಲ. ಅಲ್ಲಿನ ಪ್ರಯೋಗಾಲಯದಲ್ಲಿ ಉದ್ದನೆಯ ಮೇಜುಗಳ ಮೇಲೆ ಮೂಳೆಗಳನ್ನು ತೊಳೆದು, ಒಣಗಿಸಿ, ಜೋಡಿಸಿಡುತ್ತಾರೆ. ವಂಶವಾಹಿ ಪರೀಕ್ಷೆಯಿಂದ ಹೆಸರು ಖಚಿತವಾದ ಮೇಲೆ ಮನೆಯವರನ್ನು ಕರೆದು ಒಪ್ಪಿಸುತ್ತಾರೆ. ಕೊಂದವರು ಯಾರೆಂದು ಸಮಿತಿ ಕೇಳುವುದಿಲ್ಲ. ಗುಂಡಿಯ ಜಾಗ ತಿಳಿಸಿದವರ ಹೆಸರು ಹೊರಬೀಳುವುದಿಲ್ಲ. ನ್ಯಾಯ ಕೇಳುವವರಿಗೆ ಇದರಿಂದ ಸಮಾಧಾನವಿಲ್ಲ, ನಿಜ. ಆದರೂ ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ತಮ್ಮವರಿಗೆ ಮಣ್ಣು ಕೊಡಲು ಸಾಧ್ಯವಾಗಿದೆ.

ಎರಡು ಪೆಟ್ಟಿಗೆ, ಎರಡು ಉತ್ತರ

2003ರ ಏಪ್ರಿಲ್ 23ರಂದು ಗಡಿಯ ದಾರಿ ಏಕಾಏಕಿ ತೆರೆಯಿತು. ಇಪ್ಪತ್ತೊಂಬತ್ತು ವರ್ಷದ ಮೇಲೆ ಜನ ಹಳೆಯ ಮನೆಗಳನ್ನು ಹುಡುಕಿಕೊಂಡು ಹೋದರು. ಲಕ್ಷಾಂತರ ಮಂದಿ ಆಚೀಚೆ ಓಡಾಡಿದರೂ ದೊಡ್ಡ ಗಲಭೆಯೊಂದೂ ಆಗಲಿಲ್ಲ.

ಮರುವರ್ಷ ಏಪ್ರಿಲ್ 24ರಂದು ಎರಡೂ ಕಡೆ ಒಂದೇ ದಿನ ಜನಮತಗಣನೆ. ವಿಶ್ವಸಂಸ್ಥೆಯ ಆಗಿನ ಪ್ರಧಾನ ಕಾರ್ಯದರ್ಶಿ ಕೋಫಿ ಅನ್ನಾನ್ ಅವರ ಯೋಜನೆಯಂತೆ ಎರಡು ಘಟಕಗಳ ಒಕ್ಕೂಟ ಬೇಕೋ ಬೇಡವೋ? ಟರ್ಕಿಷ್ ಸೈಪ್ರಿಯಟರಲ್ಲಿ ಶೇ 65ರಷ್ಟು ಹೌದೆಂದರು. ಗ್ರೀಕ್ ಸೈಪ್ರಿಯಟರಲ್ಲಿ ಶೇ 76ರಷ್ಟು ಬೇಡವೆಂದರು. ಟರ್ಕಿಯ ಸೈನ್ಯ ಪೂರ್ತಿ ಹೋಗುವುದಿಲ್ಲ, ಜಾಮೀನಿನ ಹಕ್ಕು ಉಳಿಯುತ್ತದೆ, ಕಳೆದುಕೊಂಡ ಮನೆ ಎಲ್ಲರಿಗೂ ಮರಳುವುದಿಲ್ಲ ಎಂಬ ಅವರ ಆತಂಕಕ್ಕೆ ಆಧಾರವಿತ್ತು. ಆದರೆ ಒಂದು ವಾರದಲ್ಲಿ, ಮೇ 1ಕ್ಕೆ, ಐರೋಪ್ಯ ಒಕ್ಕೂಟದ ಸದಸ್ಯತ್ವ ಹೇಗೂ ಸಿಗುವುದಿತ್ತು ಎಂಬುದನ್ನೂ ಮರೆಯುವಂತಿಲ್ಲ. ಒಗ್ಗೂಡಲು ಒಪ್ಪಿದವರು ಒಕ್ಕೂಟದ ಕಾನೂನಿನ ನೆರಳಿನಿಂದ ಹೊರಗುಳಿದರು, ಒಪ್ಪದವರು ಒಳಗೆ ಹೋದರು.

ಆಮೇಲೆ 2017ರಲ್ಲಿ ಸ್ವಿಟ್ಜರ್‌ಲೆಂಡ್‌ನ ಕ್ರಾನ್ಸ್ ಮೊಂಟಾನಾದಲ್ಲಿ ಮಾತುಕತೆ ಮುರಿದುಬಿತ್ತು. ಉತ್ತರದಲ್ಲಿ ಟರ್ಕಿಯಿಂದ ಬಂದು ನೆಲೆಸಿದವರು ಹೆಚ್ಚಿದ್ದಾರೆ. ತಮ್ಮ ಅರ್ಧದಲ್ಲೇ ತಾವು ಅಲ್ಪಸಂಖ್ಯಾತರಾಗುತ್ತೇವೆಂಬ ಅಳುಕು ಟರ್ಕಿಷ್ ಸೈಪ್ರಿಯಟರನ್ನು ಕಾಡುತ್ತಿದೆ. 2011ರಲ್ಲಿ ಅವರು ಅಂಕಾರಾದ ಹಿಡಿತದ ವಿರುದ್ಧವೇ ಬೀದಿಗಿಳಿದರು. 2025ರ ಅಕ್ಟೋಬರ್‌ನಲ್ಲಿ ಎರಡು ರಾಷ್ಟ್ರಗಳ ವಾದ ಮಾಡುತ್ತಿದ್ದ ನಾಯಕನನ್ನು ಸೋಲಿಸಿ, ಒಕ್ಕೂಟದ ಪರವಾಗಿರುವ ತುಫಾನ್ ಎರ್ಹುರ್ಮಾನ್ ಅವರನ್ನು ಶೇ 60ಕ್ಕೂ ಹೆಚ್ಚು ಮತ ಕೊಟ್ಟು ಗೆಲ್ಲಿಸಿದರು. ತಾಯ್ನಾಡು ಎಂದು ನಂಬಿದ ದೇಶ ಕಾಪಾಡಲು ಬಂದು ಅಲ್ಲಿಯೇ ಬೀಡುಬಿಡುತ್ತದೆ ಎಂಬುದನ್ನು ಗ್ರೀಕ್ ಸೈಪ್ರಿಯಟರು 1974ರ ದಂಗೆಯಲ್ಲಿ ಒಂದು ಬಗೆಯಲ್ಲಿ ಕಂಡರು, ಟರ್ಕಿಷ್ ಸೈಪ್ರಿಯಟರು ಇನ್ನೊಂದು ಬಗೆಯಲ್ಲಿ ಇಂದಿಗೂ ಕಾಣುತ್ತಿದ್ದಾರೆ.

ಸೈಪ್ರಸ್‌ನ ಮೂರು ಘಟನೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 1950ರಲ್ಲಿ ಬಹುಸಂಖ್ಯಾತರು ತಾವೇ ಇಡೀ ದ್ವೀಪ ಎಂದುಕೊಂಡರು. 1960ರಲ್ಲಿ ಮೂರು ಸರ್ಕಾರಗಳು ದ್ವೀಪದವರನ್ನು ಕೇಳದೆ ತೀರ್ಮಾನಿಸಿದವು. 1983ರಲ್ಲಿ ಅಲ್ಪಸಂಖ್ಯಾತರ ನಾಯಕರು ದ್ವೀಪದ ತುಂಡನ್ನೇ ದೇಶವೆಂದರು. ಮೂರರಲ್ಲೂ ಸ್ವಯಂ ನಿರ್ಣಯದ ಹೆಸರಿತ್ತು ಅಥವಾ ಅದಕ್ಕೆ ಉತ್ತರವೆಂಬ ಸೋಗಿತ್ತು. ಮೂರೂ ಊರ್ಜಿತವಾಗಲಿಲ್ಲ. ಬಲಪ್ರಯೋಗವಿಲ್ಲದೆ, ನೆರೆಯವನ ಒಪ್ಪಿಗೆಯನ್ನೂ ಲೆಕ್ಕಕ್ಕಿಟ್ಟುಕೊಂಡು, ದ್ವೀಪದವರೇ ಮುಂದೆ ನಿಂತು ಮಾಡಿದ್ದು ಮಾತ್ರ ಉಳಿಯಿತು: ಒಳಚರಂಡಿ, ಮೂಳೆಗಳ ಹುಡುಕಾಟ, ತೆರೆದ ದಾರಿ.

1977ರಲ್ಲೇ ಮಕಾರಿಯೋಸ್ ಮತ್ತು ಡೆಂಕ್ತಾಷ್ ಎದುರುಬದುರು ಕೂತು ಎರಡು ಸಮುದಾಯಗಳ ಒಕ್ಕೂಟಕ್ಕೆ ತಾತ್ವಿಕವಾಗಿ ಒಪ್ಪಿದ್ದರು. ಅದಕ್ಕಿಂತ ಒಳ್ಳೆಯ ಸೂತ್ರ ಇವತ್ತಿಗೂ ಯಾರ ಕೈಯಲ್ಲೂ ಇಲ್ಲ. ಎರಡೂ ಕಡೆಯ ನಾಯಕರು ಮತ್ತೆ ಕೂರುವುದಾದರೆ ಅಥೆನ್ಸ್, ಅಂಕಾರಾ, ಲಂಡನ್‌ಗಳ ಜಾಮೀನನ್ನು ಮೊದಲು ಕಳಚಿಡಬೇಕು, ಟರ್ಕಿಯ ಸೈನ್ಯ ಮನೆಗೆ ಹೋಗಬೇಕು, ಟರ್ಕಿಷ್ ಸೈಪ್ರಿಯಟರಿಗೆ ಅಧಿಕಾರದಲ್ಲಿ ಸಮಪಾಲಿನ ಭರವಸೆ ಬರವಣಿಗೆಯಲ್ಲಿ ಸಿಗಬೇಕು. ಸ್ವಯಂ ನಿರ್ಣಯದ ಹಕ್ಕು ಪವಿತ್ರವಾದದ್ದು, ಅದನ್ನು ಯಾರಿಂದಲೂ ಕಸಿಯಬಾರದು. ಪಕ್ಕದ ಮನೆಯವರನ್ನು ಹೊರಗಿಟ್ಟು ಅದನ್ನು ಚಲಾಯಿಸುವ ಹಕ್ಕು ಮಾತ್ರ ಯಾವ ಬಹುಮತಕ್ಕೂ ಇಲ್ಲ.